ಲಿಸ್ಪ್ ಹುಟ್ಟಿದ ಬೀದಿಗಳಲ್ಲಿ

ಬಾಸ್ಟನ್ನಿನಿಂದ ಹೊರಟ ರೆಡ್ ಲೈನ್ ರೈಲು ಚಾರ್ಲ್ಸ್ ನದಿ ದಾಟುವಾಗ ಒಮ್ಮೆ ಬಯಲಿಗೆ ಬರುತ್ತದೆ. ಕಣ್ತುಂಬ ನೀರು, ಆಕಾಶ. ಆಮೇಲೆ ಮತ್ತೆ ನೆಲದೊಳಕ್ಕೆ ಹೊಕ್ಕು ಕೆಂಡಲ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿ ಬಂದರೆ ಎಲ್ಲೆಲ್ಲೂ ಗಾಜಿನ ಕಟ್ಟಡಗಳು, ಅವಸರದ ಜನ. ನಾನು ನೋಡಲು ಬಂದಿದ್ದ ವಸ್ತುವಿಗೆ ಇಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಒಂದು ಗಣಿತ ಕ್ರಿಯೆಯನ್ನು ಇಡೀ ಪಟ್ಟಿಗೆ ಒಂದೇ ಮಾತಿನಲ್ಲಿ ಹಚ್ಚುವ ವಿದ್ಯೆಯನ್ನು ಕಂಪ್ಯೂಟರು ಕಲಿತದ್ದು ಈ ಬೀದಿಗಳಲ್ಲಿ.

ಕಲಿಸಿದವರು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ. 1958ರ ಬೇಸಿಗೆಯಲ್ಲಿ ಐಬಿಎಂ ಕಂಪನಿಯ ಆಹ್ವಾನದ ಮೇಲೆ ಹೋದ ಅವರು ಅಲ್ಲಿ ಎತ್ತಿಕೊಂಡದ್ದು ನಮ್ಮ ಪಿಯುಸಿ ಪುಸ್ತಕದಲ್ಲಿರುವಂಥದೇ ಲೆಕ್ಕ: ಬೀಜೋಕ್ತಿಗಳ ಅವಕಲನ. ಸಂಖ್ಯೆಗಳನ್ನು ಹಾಕಿ ಉತ್ತರ ತೆಗೆಯುವುದಲ್ಲ, ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸಿಕೊಂಡು ಮಾಡುವ ಅವಕಲನ. ಮೊತ್ತದ ಅವಕಲನವೆಂದರೆ ಅವಕಲನಗಳ ಮೊತ್ತ, ಇದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಮೊತ್ತದಲ್ಲಿ ಎಷ್ಟು ಪದಗಳಿರುತ್ತವೆಂದು ಯಂತ್ರಕ್ಕೆ ಮೊದಲೇ ಹೇಳುವುದು ಹೇಗೆ? ಎರಡಿರಬಹುದು, ಇನ್ನೂರಿರಬಹುದು. ಆ ಬಿಕ್ಕಟ್ಟಿನಿಂದಲೇ ‘ಮ್ಯಾಪ್‌ಲಿಸ್ಟ್’ ಹುಟ್ಟಿತು. ಪಟ್ಟಿಯನ್ನೂ ಕ್ರಿಯೆಯನ್ನೂ ಅದರ ಕೈಗಿತ್ತರೆ ಸಾಕು, ಉತ್ತರಗಳದೇ ಹೊಸ ಪಟ್ಟಿ ಕಟ್ಟಿಕೊಡುತ್ತದೆ. ಕ್ರಿಯೆಯನ್ನೇ ಇನ್ನೊಂದು ಕ್ರಿಯೆಗೆ ಒಪ್ಪಿಸಬೇಕಾದ್ದರಿಂದ ಅದನ್ನು ಬರೆಯಲೊಂದು ಬಗೆ ಬೇಕಾಯಿತು. ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಲ್ಯಾಂಬ್ಡಾ ಬರವಣಿಗೆಯನ್ನು ಮೆಕಾರ್ಥಿ ತಂದುಕೊಂಡರು. ಇಂದು ಎಷ್ಟೋ ಭಾಷೆಗಳಲ್ಲಿ ದಿನಬೆಳಗಾದರೆ ಬಳಸುವ ಮ್ಯಾಪ್, ಲ್ಯಾಂಬ್ಡಾಗಳು ಪ್ರೋಗ್ರಾಮಿಂಗಿಗೆ ಬಂದದ್ದು ಒಂದು ಅವಕಲನದ ಲೆಕ್ಕದ ಬೆನ್ನು ಹತ್ತಿ! ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದ್ದೆ.

ಆ ವರ್ಷವೇ ಎಂಐಟಿಯಲ್ಲಿ ಲಿಸ್ಪ್ ಭಾಷೆಯ ಕೆಲಸ ಶುರುವಾಯಿತು. ನಿರ್ವಾತ ಕೊಳವೆಗಳ ಐಬಿಎಂ 704 ಯಂತ್ರ ಕಾಂಪ್ಟನ್ ಪ್ರಯೋಗಾಲಯದ ಕಟ್ಟಡದಲ್ಲಿತ್ತು. ಆ ಕಟ್ಟಡದ ಮುಂದೆ ನಿಂತು ಬಹಳ ಹೊತ್ತು ನೋಡಿದೆ. ಆ ಯಂತ್ರದ ಸ್ಮೃತಿಯಲ್ಲಿ 36 ಬಿಟ್‌ಗಳ ಒಂದೊಂದು ಕೋಶದಲ್ಲಿ 15 ಬಿಟ್‌ಗಳ ಎರಡು ಭಾಗ. ಒಂದು ಭಾಗ ಪದ ಎಲ್ಲಿದೆಯೆಂದು ತೋರಿಸಿದರೆ, ಇನ್ನೊಂದು ಮುಂದಿನ ಕೋಶದ ವಿಳಾಸ ಹೇಳುತ್ತದೆ. ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದನ್ನು ಮುಂದಿನವನ ಹೆಗಲ ಮೇಲಿಟ್ಟು ಸಾಲಾಗಿ ನಡೆದವರಂತೆ. ಪಟ್ಟಿಯೆಂದರೆ ಇಷ್ಟೇ. ಇಷ್ಟರಲ್ಲೇ ಬೀಜಗಣಿತವೆಲ್ಲ ಹಿಡಿಸಿತು.

ಮೇನ್ ಸ್ಟ್ರೀಟಿನಲ್ಲಿ ಸ್ವಲ್ಪ ನಡೆದರೆ ಟೆಕ್ನಾಲಜಿ ಸ್ಕ್ವೇರ್. 1968ರಲ್ಲಿ ಕಾರ್ಲ್ ಎಂಗಲ್‌ಮನ್, ವಿಲಿಯಂ ಮಾರ್ಟಿನ್, ಜೋಯೆಲ್ ಮೋಸಸ್ ಮೂವರೂ ಸೇರಿ ಲಿಸ್ಪ್‌ನಲ್ಲಿ ಕಟ್ಟಲು ಹೊರಟ ಮ್ಯಾಕ್ಸಿಮಾ (Maxima) ಎಂಬ ಬೀಜಗಣಿತ ವ್ಯವಸ್ಥೆ ಬೆಳೆದದ್ದು ಇಲ್ಲಿದ್ದ ಎಂಐಟಿಯ ಪ್ರಯೋಗಾಲಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ. ಆಗ ಅದರ ಹೆಸರು ಮ್ಯಾಕ್‌ಸಿಮಾ (Macsyma) ಎಂದಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ವಿಲಿಯಂ ಶೆಲ್ಟರ್ 1982ರಿಂದ ಅದರ ಒಂದು ಆವೃತ್ತಿಯನ್ನು ಜೋಪಾನ ಮಾಡಿ, 1998ರಲ್ಲಿ ಎಲ್ಲರಿಗೂ ಮುಕ್ತವಾಗಿ ಹಂಚಲು ಅನುಮತಿ ಪಡೆದರು. 2001ರಲ್ಲಿ ತೀರಿಕೊಂಡ ಅವರ ಉಪಕಾರದಿಂದಲೇ ಅದು ನನ್ನ ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪಿನಲ್ಲೂ ಇತ್ತು.

ಎಂಐಟಿಯ ಸ್ಟಾಟಾ ಸೆಂಟರ್ ಕಟ್ಟಡದ ವಾಲಿದ ಗೋಡೆಗಳ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಮ್ಯಾಕ್ಸಿಮಾ ತೆರೆದೆ. ಪೈನ ಮೂರನೇ ಒಂದು, ನಾಲ್ಕನೇ ಒಂದು, ಏಳನೇ ಒಂದು ಭಾಗಗಳ ಪಟ್ಟಿಗೆ ಸೈನ್ ಹಚ್ಚಿದೆ. ಮೊದಲೆರಡಕ್ಕೆ ವರ್ಗಮೂಲಗಳು ಬಂದವು. ದಶಮಾಂಶದ ಬಾಲವಿಲ್ಲದ, ಕರಾರುವಾಕ್ಕಾದ ಉತ್ತರ. ಮೂರನೆಯದು ‘ಸೈನ್ ಪೈ ಬೈ ಏಳು’ ಎಂದೇ ಉಳಿಯಿತು. ಅಂದಾಜಿಗೆ ಕೈ ಹಾಕದ ಈ ಸಂಯಮ ನನಗೆ ತುಂಬ ಇಷ್ಟ.

ಆಮೇಲೆ ಎಕ್ಸ್ ಮೈನಸ್ 1, ಎಕ್ಸ್ ವರ್ಗ ಮೈನಸ್ 1, ಎಕ್ಸ್ ಘನ ಮೈನಸ್ 1 ಹೀಗೆ 105ನೇ ಘಾತದವರೆಗೆ ಪಟ್ಟಿ ಮಾಡಿ, ಎಲ್ಲವನ್ನೂ ಅಪವರ್ತಿಸು ಎಂದೆ. ಒಂದೇ ಸಾಲಿನ ಆಜ್ಞೆ. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಘಾತ ಅವಿಭಾಜ್ಯವಾಗಿದ್ದಲ್ಲಿ ಎರಡೇ ಅಪವರ್ತನ. 12ಕ್ಕೆ ಆರು, ಏಕೆಂದರೆ 12ಕ್ಕೆ ಆರು ಭಾಜಕಗಳು. ಗುಣಕಗಳನ್ನು ನೋಡುತ್ತ ಹೋದೆ. ಎಲ್ಲೆಲ್ಲೂ 1 ಅಥವಾ ಮೈನಸ್ 1, ಇಲ್ಲವೇ ಆ ಪದವೇ ಇಲ್ಲ. 50 ದಾಟಿತು, 100 ದಾಟಿತು, 104 ಕೂಡ ಹಾಗೆಯೇ. ಇದು ಎಂದೂ ತಪ್ಪದ ನಿಯಮವೆಂದು ಯಾರಿಗಾದರೂ ಅನಿಸಬೇಕು. 105ರಲ್ಲಿ ಎಂಟು ಅಪವರ್ತನಗಳು. ಕೊನೆಯದು 48ನೇ ಘಾತದ ಉದ್ದನೆಯ ಬಹುಪದೋಕ್ತಿ, ಅದರ ನಡುವೆ ಎಕ್ಸ್‌ನ 41ನೇ ಘಾತದ ಎದುರು ಮೈನಸ್ 2! ಏಳನೇ ಘಾತದ ಎದುರೂ ಮೈನಸ್ 2.

105 ಎಂದರೆ 3, 5, 7ರ ಗುಣಲಬ್ಧ, ಮೂರು ಬೇರೆ ಬೇರೆ ಬೆಸ ಅವಿಭಾಜ್ಯಗಳಿಂದಾದ ಅತಿ ಚಿಕ್ಕ ಸಂಖ್ಯೆ. ಅಂಥ ಮೂರು ಕೂಡುವ ತನಕ, ಚಿಹ್ನೆ ಏನೇ ಇರಲಿ, 2 ಎಂಬ ಗುಣಕ ತಲೆಯೆತ್ತುವಂತಿಲ್ಲ. ಪಟ್ಟಿಯನ್ನು 400ರವರೆಗೆ ಚಾಚಿದೆ. 385ರಲ್ಲಿ, ಅಂದರೆ 5, 7, 11ರ ಗುಣಲಬ್ಧದಲ್ಲಿ, ಚಿಹ್ನೆ ಬಿಟ್ಟು ನೋಡಿದರೆ ಮೊದಲ ಬಾರಿಗೆ 3 ಎಂಬ ಗುಣಕ ಕಾಣಿಸಿತು.