ಸದ್ದಡಗಿದ ಟ್ಯಾಪೆಟ್

ಇಂಜಿನ್ನು ಸದ್ದಿಲ್ಲದೆ ಓಡಿದರೆ ಅದು ಆರೋಗ್ಯವಾಗಿದೆಯೆಂದು ಭಾವಿಸುವುದು ಸಹಜ. ಟ್ಯಾಪೆಟ್ಟಿನ ವಿಷಯದಲ್ಲಿ ಮಾತ್ರ ಈ ನಂಬಿಕೆ ಸಲ್ಲದು. ಸಣ್ಣಗೆ ಟಿಕಟಿಕ ಎನ್ನುವ ಟ್ಯಾಪೆಟ್ಟಿಗಿಂತ ಮೌನ ತಾಳಿದ್ದೇ ಹೆಚ್ಚು ಅಪಾಯಕಾರಿ.

ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿದ್ದುದು ಕಾರ್ಬ್ಯುರೇಟರ್ ಕಾಲದ ಮಾರುತಿ 800: 796 ಸಿ.ಸಿ., ಮೂರು ಸಿಲಿಂಡರ್, ಆರು ವಾಲ್ವು. ಪೆಟ್ರೋಲಿನ ಬೆಲೆಗೆ ಅಂಜಿ ಸಿ.ಎನ್.ಜಿ. ಕಿಟ್ ಹಾಕಿಸಿದ್ದೆವು. ಲೋಕಲ್ ರೈಲು ಹತ್ತಲಾರದ ಅಮ್ಮನನ್ನು ವಾರಕ್ಕೆರಡು ಬಾರಿ ಡೊಂಬಿವಲಿಯಿಂದ ಥಾಣೆಗೆ, ಡಯಾಲಿಸಿಸಿಗೆಂದು ಕರೆದೊಯ್ಯುತ್ತಿದ್ದುದು ಅದರಲ್ಲೇ. ಒಂದು ಮಳೆಗಾಲ ಅದು ನಿಂತಲ್ಲೇ ನಡುಗತೊಡಗಿತು. ಮುಂಬ್ರಾ ಬೈಪಾಸಿನ ಏರಿನಲ್ಲಿ ಎರಡನೇ ಗೇರಿಗೆ ಇಳಿಯದೆ ಮುಂದೆ ಸಾಗದಾಯಿತು. ಒಂದು ಗ್ಯಾರೇಜಿನವರು ಪಿಸ್ಟನ್, ರಿಂಗು ಎಲ್ಲವನ್ನೂ ಬದಲಿಸಬೇಕೆಂದರು. ಆ ಖರ್ಚಿಗೆ ಕಾರನ್ನು ಗುಜರಿಗೆ ಹಾಕುವುದೇ ಮೇಲಾಗಿತ್ತು.

ಕಲ್ಯಾಣದ ವೃದ್ಧ ಮೇಸ್ತ್ರಿಯೊಬ್ಬರು ಇಂಜಿನ್ ಬಿಚ್ಚದೆಯೇ ಪರೀಕ್ಷೆಗೆ ತೊಡಗಿದರು. ಓಡುತ್ತಿರುವ ಇಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತರು. ಎರಡನ್ನು ಕಿತ್ತಾಗ ಇಂಜಿನ್ ತತ್ತರಿಸಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಆ ಸಿಲಿಂಡರಿಗೆ ಗೇಜ್ ಹಾಕಿದರೆ ಕಂಪ್ರೆಶನ್ ಉಳಿದವುಗಳ ಅರ್ಧವೂ ಇರಲಿಲ್ಲ. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗು ಸವೆದಿದ್ದರೆ ಆಯಿಲ್ ಸಂದನ್ನು ಮುಚ್ಚಿ ಒತ್ತಡ ಏರಬೇಕಿತ್ತು, ಏರಲಿಲ್ಲ. ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವು ಮುಚ್ಚಿರಬೇಕಾದ ಸ್ಥಿತಿಯಲ್ಲಿ ಗಾಳಿ ತುಂಬಿದಾಗ ಸೈಲೆನ್ಸರಿನ ಬಾಯಲ್ಲಿ ಬುಸುಗುಟ್ಟುವ ಸದ್ದು ಕೇಳಿತು. ಸುಟ್ಟದ್ದು ಎಕ್ಸಾಸ್ಟ್ ವಾಲ್ವು. ಬಿಚ್ಚಬೇಕಾದದ್ದು ಹೆಡ್ ಮಾತ್ರ.

ಬಿಚ್ಚಿ ನೋಡಿದರೆ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ವಾಲ್ವು ಮುಚ್ಚಿ ಸೀಟಿಗೆ ಒತ್ತಿಕೊಂಡಾಗಲೇ ತನ್ನ ಬಿಸಿಯ ಬಹುಪಾಲನ್ನು ಹೆಡ್ಡಿಗೆ ದಾಟಿಸುತ್ತದೆ. ಒದ್ದೆ ಪೆಟ್ರೋಲು ವಾಲ್ವು, ಸೀಟುಗಳಿಗೆ ಕೊಡುವ ರಕ್ಷಣೆ ಒಣ ಅನಿಲದಲ್ಲಿಲ್ಲ. ಹಳೆಯ ಸೀಟು ಬೇಗ ಸವೆಯುತ್ತದೆ, ವಾಲ್ವು ಒಳಸರಿಯುತ್ತದೆ, ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ; ಜೊತೆಗೆ ಸದ್ದೂ ಅಡಗುತ್ತದೆ. ಸಂದು ಪೂರ್ತಿ ಇಲ್ಲವಾದಾಗ ವಾಲ್ವು ಮುಚ್ಚಿಕೊಳ್ಳದೆ, ಆ ಬಿರುಕಿನಲ್ಲಿ ನುಗ್ಗುವ ಬೆಂಕಿ ಅದರ ಅಂಚನ್ನು ತಿನ್ನುತ್ತದೆ.

ಲೇತಿನವರು ಗಟ್ಟಿ ಲೋಹದ ಹೊಸ ಸೀಟು ಕೂರಿಸಿ 45 ಡಿಗ್ರಿಗೆ ಕಡಿದುಕೊಟ್ಟರು. ಮೇಸ್ತ್ರಿ ಹೊಸ ವಾಲ್ವಿಗೆ ಪೇಸ್ಟ್ ಹಚ್ಚಿ, ಹಿಡಿಕೆಯನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಹೊಸೆದರು. ಸೀಮೆಎಣ್ಣೆ ಸುರಿದು, ಒಂದು ಹನಿಯೂ ಜಿನುಗದ್ದನ್ನು ಕಂಡ ಬಳಿಕವೇ ಹೆಡ್ ಕೂರಿಸಿದರು. ಮೂರು ದಿನ ಹಿಡಿಯಿತು. ಆ ನಡುವೆ ಅಮ್ಮನ ಒಂದು ಸರದಿಗೆ ನೆರೆಮನೆಯವರ ರಿಕ್ಷಾ ಒದಗಿತು.

ಹೊರಡುವಾಗ ಮೇಸ್ತ್ರಿ ಹೇಳಿದ್ದಿಷ್ಟೇ: ಅನಿಲದಲ್ಲಿ ಓಡುವ ಗಾಡಿಯ ಟ್ಯಾಪೆಟ್ಟನ್ನು ಸದ್ದು ಬಂದಾಗಲ್ಲ, ಸರ್ವಿಸಿಗೆ ಬಿಟ್ಟಾಗಲೆಲ್ಲ ಅಳೆಯಿಸಬೇಕು. ಥಾಣೆ, ನವಿ ಮುಂಬಯಿಯ ಸಿ.ಎನ್.ಜಿ. ಸಾಲಿನಲ್ಲಿ ಹಳೆಯ ಕಾರಿನೊಂದಿಗೆ ಕಾಯುವ ಬಂಧುಗಳಿಗೆ ನಾವೂ ಇದನ್ನೇ ಹೇಳುತ್ತೇವೆ. ಫೀಲರ್ ಗೇಜಿನ ಒಂದು ತೆಳು ಹಾಳೆ ಸಂದಿನೊಳಗೆ ಹಾದುಹೋಗುತ್ತದೆಯೇ ಎಂದು ನೋಡಲು ಅರ್ಧ ಗಂಟೆ ಸಾಕು.