ಅಜ್ಜಿಯ ಚಪ್ಪಲಿ, ನನ್ನ ಸ್ಲೀವ್‌ಲೆಸ್ ಕುರ್ತಾ

ಕಳೆದ ವರ್ಷ ಒಂದು ಭಾನುವಾರ ಬೆಂಗಳೂರಿನ ನಮ್ಮ ಚರ್ಚಿನ ಬಾಗಿಲಲ್ಲಿ ಹಿರಿಯರೊಬ್ಬರು ನನ್ನನ್ನು ತಡೆದರು. ರಾತ್ರಿಯೆಲ್ಲಾ ಆನ್-ಕಾಲ್ ಡ್ಯೂಟಿ. ಸರ್ವರ್ ಸರಿಹೋಗುವಷ್ಟರಲ್ಲಿ ಬೆಳಗಿನ ಐದೂವರೆ. ಮೈಮೇಲಿದ್ದ ಸ್ಲೀವ್‌ಲೆಸ್ ಕುರ್ತಾದಲ್ಲೇ ಆರೂವರೆ ಪೂಜೆಗೆ ಓಡಿದ್ದೆ. "ಇದು ದೇವಾಲಯ ಕಣಮ್ಮ, ಮಾಲ್ ಅಲ್ಲ," ಅಂದರು. ಮೆಲ್ಲಗೇ ಅಂದರು, ಆದ್ರೆ ಹಿಂದಿದ್ದವರಿಗೆಲ್ಲ ಕೇಳಿಸಿತು. ಅದೇ ಹೊತ್ತಿಗೆ ಶಾರ್ಟ್ಸ್ ಹಾಕಿದ್ದ ಹುಡುಗನೊಬ್ಬ ನನ್ನ ಪಕ್ಕದಿಂದಲೇ ಒಳಗೆ ಹೋದ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ನಾನು ಮನೆಗೆ ವಾಪಸ್ ಬಂದೆ. ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಸಿಟ್ಟಿನಲ್ಲಿ ಇಂಜಿನಿಯರುಗಳು ಮಾಡೋದನ್ನೇ ಮಾಡಿದೆ, ಡಾಕ್ಯುಮೆಂಟೇಶನ್ ಓದಿದೆ. 1917ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಹೆಂಗಸರು ತಲೆಗೆ ಮುಸುಕು ಹಾಕಬೇಕು, ಸಭ್ಯವಾಗಿ ಉಡಬೇಕು ಅಂತಿತ್ತು. ಗಂಡಸರಿಗೆ ತಲೆ ಬರಿದಾಗಿರಬೇಕು ಅನ್ನೋದಷ್ಟೇ. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವೇ ಇಲ್ಲ. ವಾದ ಗೆದ್ದೆ ಅನ್ನಿಸಿತು. ಆದ್ರೆ ವಾದ ಮಾಡೋಕೆ ಎದುರಿಗೆ ಯಾರೂ ಇರಲಿಲ್ಲ.

ಆಮೇಲೆ ಕೊಳ್ಳೇಗಾಲದ ಕಡೆಯಿಂದ ಅಜ್ಜಿ ಕಣ್ಣಿನ ಆಪರೇಷನ್‌ಗೆ ಬಂದರು. ಭಾನುವಾರ ಪೂಜೆಗೆ ಕರ್ಕೊಂಡು ಹೋಗಲೇಬೇಕಾಯ್ತು. ಬಾಗಿಲಲ್ಲಿ ಅಜ್ಜಿ ಚಪ್ಪಲಿ ಬಿಟ್ಟರು. ಅಲ್ಲಿ ಯಾರೂ ಬಿಡೋದಿಲ್ಲ, ಎಲ್ಲರೂ ಶೂ ಹಾಕಿಕೊಂಡೇ ಇರ್ತಾರೆ. ಸೆರಗು ತಲೆ ಮೇಲೆ ಎಳೆದುಕೊಂಡು, ಮುಂದೆ ಹೋಗಿ ನೆಲದ ಮೇಲೇ ಕೂತರು. ಅದೇ ಹಿರಿಯರು ಬಂದು "ಅಮ್ಮಾ, ಬೆಂಚ್ ಇದೆ" ಅಂದರೆ "ಇಲ್ಲೇ ಚೆಂದಾಗದೆ ಬುಡಪ್ಪ" ಅಂದುಬಿಟ್ಟರು. ಪಾದರಕ್ಷೆ ಬಿಡೋದು, ನೆಲದ ಮೇಲೆ ಕೂರೋದು, ಮೊಣಕಾಲೂರುವ ಬದಲು ಕೈಮುಗಿದು ಬಾಗೋದು, ಇದಕ್ಕೆಲ್ಲ ರೋಮ್ ಭಾರತಕ್ಕೆ ಅನುಮತಿ ಕೊಟ್ಟಿದ್ದು 1969ರಲ್ಲಿ, ಹನ್ನೆರಡು ಅಂಶಗಳ ಒಂದು ಪಟ್ಟಿಯಲ್ಲಿ. ಅಜ್ಜಿಗೆ ಆ ಪಟ್ಟಿ ಗೊತ್ತಿಲ್ಲ. ನಾನೂ ಪಕ್ಕದಲ್ಲಿ ಕೂತೆ.

ಫಾದರ್ ರೊಟ್ಟಿಯನ್ನು ಮೇಲೆತ್ತಿದಾಗ ನನ್ನ ಫೋನ್ ವೈಬ್ರೇಟ್ ಆಯ್ತು. ಆ ವಾರ ಆನ್-ಕಾಲ್ ಇರಲಿಲ್ಲ, ಆದ್ರೂ ಕೈ ತಾನಾಗಿ ಹೋಯ್ತು. ಆಫೀಸ್ ಗ್ರೂಪಿನಲ್ಲಿ ಯಾರದೋ ಬರ್ತ್‌ಡೇ! ತಲೆ ಎತ್ತಿದಾಗ ಅಜ್ಜಿ ಕಣ್ಣು ಮುಚ್ಚಿದ್ದರು. ಎಷ್ಟು ವರ್ಷದಿಂದ ತುಂಬುತೋಳಿನ ಬಟ್ಟೆ ಹಾಕಿಕೊಂಡು ಹೀಗೆ ಫೋನ್ ನೋಡಿದ್ದೀನೋ. ಅದಕ್ಕೆ ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ.

ಮನೆಗೆ ಬಂದಮೇಲೆ ಕುರ್ತಾ ವಿಷಯ ಹೇಳಿದೆ. ಅಜ್ಜಿ ನನ್ನ ಪರ ವಹಿಸ್ತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮವ್ವಂಗೂ ನಾನು ಹಿಂಗೇ ಅಂದಿದ್ದೆ ಕಣವ್ವ," ಅಂದರು. ಮದುವೆಯಾದ ಮೊದಲ ಭಾನುವಾರ ಅಮ್ಮ ತಲೆ ಮೇಲೆ ಸೆರಗಿಲ್ಲದೆ ಹೊರಟಿದ್ದರಂತೆ. ಎಲ್ಲರೆದುರು ಗದರಿಸಿ ಮನೇಲೇ ಬಿಟ್ಟು ಹೋದರಂತೆ. "ಬರೋ ಹೊತ್ಗೆ ಅಡ್ಗೆ ಮಾಡಿಟ್ಟಿದ್ಲು. ಕಣ್ಣು ಊದ್ಕೊಂಡಿತ್ತು. ಇವತ್ತಿಗೂ ನಾನು ಅದ್ನ ಕೇಳಿಲ್ಲ."

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಯಾವ ಭಾನುವಾರ? ಒಂದಾ ಎರಡಾ!" ಅಂತ ನಕ್ಕರು. ಆಮೇಲೆ, "ಅತ್ತೆ ಹಾಗಂದ್ರಾ?" ಅಂತ ಎರಡು ಸಲ ಕೇಳಿದರು.

ಈಗ ಮತ್ತೆ ಪೂಜೆಗೆ ಹೋಗ್ತಿದ್ದೀನಿ. ಬ್ಯಾಗಲ್ಲಿ ಒಂದು ದುಪಟ್ಟಾ ಇರುತ್ತೆ, ಫೋನ್ ಸ್ಕೂಟರ್ ಡಿಕ್ಕಿಯಲ್ಲಿರುತ್ತೆ. ಆನ್-ಕಾಲ್ ವಾರ ಮಾತ್ರ ಹಿಂದಿನ ಬೆಂಚು. ಆ ಹಿರಿಯರು ನನ್ನನ್ನು ಕಂಡರೆ "ಅಜ್ಜಿ ಹೇಗಿದ್ದಾರೆ?" ಅಂತಾರೆ. ಶಾರ್ಟ್ಸ್ ಹುಡುಗನಿಗೆ ಇನ್ನೂ ಏನೂ ಅಂದಿಲ್ಲ, ನಾನೂ ನೋಡ್ತಾನೇ ಇದ್ದೀನಿ.