ಮೊದಲು ನಿಲ್ಲೋದು ಕಲಿಸ್ತಾರಂತೆ

ಅವತ್ತು ಸೋಮವಾರ. ಆಫೀಸಲ್ಲಿ ಬೆಳಗಿನ ಮೀಟಿಂಗು ನಡೀತಾ ಇತ್ತು. ಹಿಂದಿನ ವಾರದ ಬಗ್‌ಗಳ ಲೆಕ್ಕ ಒಪ್ಪಿಸ್ತಾ ಇರುವಾಗ ಊರಿಂದ ಚಿಕ್ಕಪ್ಪನ ಫೋನು ಬಂತು. ಕಟ್ ಮಾಡಿದೆ. ಮತ್ತೆ ಬಂತು. ಊರಿನವರು ಹಗಲು ಹೊತ್ತಲ್ಲಿ ಎರಡು ಸಲ ಫೋನ್ ಮಾಡಿದರೆ ಎದೆ ಧಸಕ್ಕೆನ್ನುತ್ತದೆ. ಹೊರಗೆ ಓಡಿ ಬಂದು ಎತ್ತಿದೆ.

"ಎಲ್ಲ ಅರಾಮಾ ಚಿಕ್ಕಪ್ಪಾ?"

"ಅರಾಮು ಎಂತದು ಬಂತು ಮಾರಾಯಾ. ಕೂಸಿಗೆ ನಾಟಕ ಕಲಿಯೋಕೆ ಹೋಗ್ಬೇಕಂತೆ. ಹೆಗ್ಗೋಡಿಗೆ. ಒಂದು ವರ್ಷ! ನೀನಾದ್ರೂ ಬಂದು ಒಂದ್ಮಾತು ಹೇಳು. ನಿನ್ನ ಮಾತಾದ್ರೆ ಕೇಳ್ತಾಳೆ."

ಕೂಸು ಅಂದರೆ ನನ್ನ ತಂಗಿ, ಚಿಕ್ಕಪ್ಪನ ಮಗಳು. ಶಿರಸಿಯಲ್ಲಿ ಬಿ.ಕಾಂ ಮುಗಿಸಿದ್ದಳು. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ದುಡ್ಡೂ ಕಟ್ಟಿ ಆಗಿತ್ತು. ಸಿದ್ದಾಪುರದ ಕಡೆಯ ನಮ್ಮ ಒಟ್ಟು ಕುಟುಂಬದಲ್ಲಿ ಬಿ.ಇ. ಮಾಡಿ ಬೆಂಗಳೂರು ಸೇರಿದವನು ನಾನೊಬ್ಬನೇ. ಹಾಗಾಗಿ ಫ್ರಿಜ್ ಯಾವುದು ತಗೊಳ್ಳಬೇಕು ಅನ್ನುವುದರಿಂದ ಹಿಡಿದು ಯಾರು ಏನು ಓದಬೇಕು ಅನ್ನುವವರೆಗೆ ಎಲ್ಲದಕ್ಕೂ ನನ್ನ ಅಭಿಪ್ರಾಯಕ್ಕೆ ಒಂದು ಬೆಲೆ. ಆ ಬೆಲೆ ನನಗೆ ಖುಷಿ ಕೊಡುತ್ತಿತ್ತು ಅಂತಲೂ ಒಪ್ಪಿಕೊಳ್ಳಬೇಕು. "ನೀ ಚಿಂತೆ ಮಾಡ್ಬೇಡ, ನಾ ಶನಿವಾರ ಬರ್ತೇನೆ" ಅಂದೆ.

ತಮಾಷೆ ಏನೆಂದರೆ, ಚಿಕ್ಕಪ್ಪ ಸ್ವತಃ ತಾಳಮದ್ದಳೆಯ ಅರ್ಥಧಾರಿ. ಮಳೆಗಾಲ ಬಂತೆಂದರೆ ಮನುಷ್ಯ ಮನೆಯಲ್ಲಿರುವುದೇ ಅಪರೂಪ. ಕರ್ಣನೋ ವಾಲಿಯೋ ಆಗಿ ಯಾರದೋ ಮನೆಯ ಜಗುಲಿಯಲ್ಲಿ ರಾತ್ರಿಯಿಡೀ ಮಾತಾಡಿ, ಬೆಳಿಗ್ಗೆ ಒಡೆದ ಗಂಟಲು ಹೊತ್ತುಕೊಂಡು ಬರುತ್ತಿದ್ದ. ಅಂಥವನ ಮಗಳಿಗೆ ನಾಟಕದ ಹುಚ್ಚು ಹಿಡಿದರೆ ಆಶ್ಚರ್ಯವೇನು? ಆದರೆ ಅವನ ವಾದ ಬೇರೆ. "ಆಡೋಕೆ ನಾನೂ ಆಡ್ತೇನೆ. ಅದನ್ನ ಕಲಿಯೋಕೆ ಹಾಸ್ಟೆಲಲ್ಲಿ ಇರ್ಬೇಕಾ? ನಮ್ಗೆ ಯಾರು ಕಲಿಸಿದ್ರು?"

ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಮಾಡಿದೆ. ಒಂದು ಕಡೆ ಬ್ಯಾಂಕ್ ನೌಕರಿ, ಇನ್ನೊಂದು ಕಡೆ ನಾಟಕ. ಖರ್ಚು, ವರ್ಷ, ಆಮೇಲಿನ ಆದಾಯ. ನಾಟಕದ ಕಡೆಯ 'ಆಮೇಲಿನ ಆದಾಯ' ಕಾಲಂ ಖಾಲಿ ಉಳಿಯಿತು. ಅದೊಂದೇ ಸಾಕು, ಇದನ್ನು ತೋರಿಸಿದರೆ ಕೂಸು ತಣ್ಣಗಾಗುತ್ತಾಳೆ ಅಂದುಕೊಂಡೆ.

ಮನೆ ಮುಟ್ಟಿದಾಗ ತಂಗಿ ಮೆತ್ತಿಯ ಮೇಲಿದ್ದಳು. ಅಡಿಕೆ ಚೀಲಗಳನ್ನು ಒಂದು ಬದಿಗೆ ಒಟ್ಟಿ, ಮಧ್ಯೆ ನಾಲ್ಕು ಹೆಜ್ಜೆ ಜಾಗ ಮಾಡಿಕೊಂಡಿದ್ದಳು. ಸಂದರ್ಶನಕ್ಕೆ ಏನೋ ತಯಾರಿ. ನನ್ನನ್ನು ನೋಡಿದ್ದೇ, ನಾನು ಬಾಯಿ ತೆರೆಯುವ ಮೊದಲೇ ಒಂದು ಹಳೇ ಫಿಸಿಕ್ಸ್ ಪುಸ್ತಕ ತಂದು ಕೈಗಿಟ್ಟಳು.

"ಅಣ್ಣಾ, ಜಾಗ ಮಾಡುವಾಗ ಸಿಕ್ತು. ಒಳಗೆ ಒಂದು ಫಾರಂ ಇದೆ. ನಿಂದಾ?"

ನನ್ನದೇ. ಪಿಯುಸಿ ಎರಡನೇ ವರ್ಷದಲ್ಲಿ ಅಂಚೆಯಲ್ಲಿ ತರಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರದ ಅರ್ಜಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕ ತುಂಬಿತ್ತು. ಪಾಲಕರ ಸಹಿಯ ಜಾಗ ಖಾಲಿ.

"ಯಾಕೆ ಕಳಿಸ್ಲಿಲ್ಲ?"

ಇದಕ್ಕೆ ನನ್ನ ಹತ್ತಿರ ಹದಿನೈದು ವರ್ಷದಿಂದ ರೆಡಿ ಇರುವ ಉತ್ತರವೊಂದಿತ್ತು. ಆಫೀಸಿನ ಗೆಳೆಯರಿಗೆ, ಹೆಂಡತಿಗೆ, ಒಂದೆರಡು ಸಲ ನನಗೇ ಹೇಳಿಕೊಂಡದ್ದು: ನಂಗೂ ಆಕ್ಟಿಂಗ್ ಕಲೀಬೇಕು ಅಂತ ಬಹಳ ಇತ್ತು, ಅಪ್ಪ ಬಿಡ್ಲಿಲ್ಲ. ಆ ಫಾರಂ ಕೈಯಲ್ಲಿ ಹಿಡಿದು ಅದನ್ನೇ ಹೇಳಲು ಹೊರಟವನು ನಿಂತೆ. ಅಪ್ಪನನ್ನು ನಾನು ಕೇಳಿಯೇ ಇರಲಿಲ್ಲ. ಆ ವರ್ಷ ಸಿಇಟಿಯಲ್ಲಿ ಪರವಾಗಿಲ್ಲ ಅನ್ನುವ ರ್‍ಯಾಂಕ್ ಬಂತು. ದರ ಏರಲಿ ಅಂತ ಇಟ್ಟುಕೊಂಡಿದ್ದ ಚಾಲಿ ಅಡಿಕೆಯನ್ನು ಅಪ್ಪ ನನ್ನ ಫೀಸಿಗಾಗಿ ಮೊದಲೇ ಮಾರಿದ. ನಾನು ಫಾರಂ ಮಡಚಿ ಪುಸ್ತಕದಲ್ಲಿಟ್ಟೆ. ಇಷ್ಟೇ ನಡೆದದ್ದು. 'ಬಿಡಲಿಲ್ಲ' ಅನ್ನುವುದನ್ನು ಆಮೇಲೆ ನಾನೇ ಸೇರಿಸಿಕೊಂಡೆ.

"ಕೇಳೋಕೆ ಹೆದರಿಕೆ ಆಯ್ತು" ಅಂದೆ.

"ನಂಗೂ ಆಯ್ತು. ಆದ್ರೂ ಕೇಳ್ದೆ" ಅಂದಳು.

ಎಕ್ಸೆಲ್ ಶೀಟನ್ನು ಅವಳಿಗೆ ತೋರಿಸಲಿಲ್ಲ.

ಸಂಜೆ ಜಗುಲಿಯಲ್ಲಿ ಕವಳ ಹಾಕುತ್ತಾ ಕೂತ ಚಿಕ್ಕಪ್ಪನ ಎದುರು ನಾನು ಪಕ್ಷ ಬದಲಿಸಿದೆ. ಗೊತ್ತಿದ್ದದ್ದನ್ನೆಲ್ಲ ಒದರಿದೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು; ಆಡುತ್ತಾ ಆಡುತ್ತಾ ಕಲಿತರೆ ಸಾಕಾಗಿದ್ದರೆ ಗುಬ್ಬಿ ವೀರಣ್ಣನವರು ಅವರನ್ನು ಓದಲಿಕ್ಕೆ ಕಾಶಿಗೆ ಯಾಕೆ ಕಳಿಸುತ್ತಿದ್ದರು? ಅವರು ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ಅದೇ ಶಾಲೆಗೆ 1977ರಲ್ಲಿ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು.

"ಅವ್ರು ಗಂಡಸ್ರು."

"ಗುಬ್ಬಿ ವೀರಣ್ಣನವರ ಹೆಂಡತಿ ಜಯಮ್ಮನವರು ದೊಡ್ಡ ನಟಿ ಅಲ್ವಾ?"

ಚಿಕ್ಕಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಕಥೆ ಚೆನ್ನಾಗಿದೆ ಮಾರಾಯಾ. ಆದ್ರೆ ನನ್ನ ಹತ್ರ ಗುಬ್ಬಿ ಕಂಪನಿ ಇಲ್ಲ. ಮೂರು ಎಕರೆ ತೋಟ ಇದೆ, ಅದಕ್ಕೆ ಕೊಳೆರೋಗ ಇದೆ. ಒಂದು ವರ್ಷ ಆದ್ಮೇಲೆ ಎಂತ ಮಾಡ್ತಾಳೆ, ಅದು ಹೇಳು."

ಅದಕ್ಕೂ ಉತ್ತರ ಹುಡುಕಿಕೊಂಡಿದ್ದೆ. ಮುಂದೆ ಕಲಿಯುವುದಾದರೆ ನಾಟಕ ಶಾಲೆಯಲ್ಲಿ ಮೂರು ವರ್ಷದ ಕೋರ್ಸಿದೆ, ಬೆಂಗಳೂರಲ್ಲೂ ಅದರ ಕೇಂದ್ರವಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಂಗಕಲೆಯಲ್ಲೇ ಸ್ನಾತಕೋತ್ತರ ಪದವಿ ಮಾಡಬಹುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಪ್ರದರ್ಶನ ಕಲೆಗಳ ವಿಭಾಗವಿದೆ. ಎಲ್ಲ ಕೇಳಿ ಚಿಕ್ಕಪ್ಪ, "ನಾ ಕೇಳಿದ್ದು ಊಟಕ್ಕೆ ಎಂತ ಮಾಡ್ತಾಳೆ ಅಂತ. ನೀ ಇನ್ನೊಂದು ಕಾಲೇಜು ಹೇಳ್ತೆ" ಅಂದ. ಸರಿಯಾಗೇ ಹೇಳಿದ್ದ. ನನ್ನ ಖಾಲಿ ಕಾಲಂ ಅವನಿಗೂ ಕಂಡಿತ್ತು.

ಕಡೆಗೆ ತೀರ್ಮಾನವಾದದ್ದು ನನ್ನ ವಾದದಿಂದ ಅಲ್ಲ. ಮರುದಿನ ಬೆಳಿಗ್ಗೆ ಚಾ ಕುಡಿಯುತ್ತಾ ಕೂತಿದ್ದೆವು. ಮೆತ್ತಿಯ ಮೇಲಿಂದ ತಂಗಿಯ ಮಾತು ಕೇಳುತ್ತಿತ್ತು. ಉದ್ದದ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು, ಪ್ರತಿ ಸಲವೂ ಒಂದೇ ಜಾಗದಲ್ಲಿ ಉಸಿರು ಕಟ್ಟಿ ತುಂಡಾಗುತ್ತಿತ್ತು. ಚಿಕ್ಕಪ್ಪ ಮೊದಲು ಗೊಣಗಿದ. ಆಮೇಲೆ ಲೋಟ ಕೆಳಗಿಟ್ಟ. ಮೂರನೇ ಸಲಕ್ಕೆ ತಡೆಯಲಾಗದೆ ಏಣಿಯ ಬುಡಕ್ಕೆ ಹೋಗಿ ನಿಂತು ಕೂಗಿದ: "ಕೂಸೇ, ಅಲ್ಲಿ ಉಸಿರು ತಗೊಳ್ಳೋದಲ್ಲ! ಅದಕ್ಕಿಂತ ಹಿಂದಿನ ಮಾತಿಗೇ ತಗೊಂಡು ಇಟ್ಕೋಬೇಕು. ಹೊಟ್ಟೆಯಿಂದ!"

ಅವಳು ಕೆಳಗೆ ಬಗ್ಗಿ ನೋಡಿದಳು. "ನಿಂಗೆ ಇದು ಯಾರು ಹೇಳಿಕೊಟ್ರು ಅಪ್ಪಾ?"

"ನಮ್ಮ ಭಾಗವತರು. ಮೂರು ಮಳೆಗಾಲ ಅವ್ರ ಹಿಂದೆ ಚೀಲ ಹೊತ್ಕೊಂಡು ತಿರುಗಿದ್ದೆ."

"ಮತ್ತೆ ಯಾರೂ ಕಲಿಸ್ಲಿಲ್ಲ ಅಂದೆ? ನಂಗೆ ಒಂದೇ ಮಳೆಗಾಲ ಸಾಕು."

ಚಿಕ್ಕಪ್ಪ ನಗಲಿಲ್ಲ. ತೋಟಕ್ಕೆ ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ "ಸಂದರ್ಶನಕ್ಕೆ ಹೋಗಿ ಬರ್ಲಿ. ಸಿಕ್ಕಿದ್ರೆ ಆಮೇಲೆ ನೋಡೋಣ" ಅಂದ. ಸಿಕ್ಕಿತು. ಚಿಕ್ಕಪ್ಪನೇ ಹೋಗಿ ಬಿಟ್ಟು ಬಂದ.

ಹೆಗ್ಗೋಡು ಸಾಗರದ ಹತ್ತಿರದ ಒಂದು ಸಣ್ಣ ಹಳ್ಳಿ. ಅಡಿಕೆ ತೋಟದ ಮಧ್ಯದ ಊರು, ಹೆಚ್ಚು ಕಡಿಮೆ ನಮ್ಮೂರಿನ ಹಾಗೇ. ಅಲ್ಲಿನ ನಾಲ್ಕು ಜನ ಸೇರಿ 1949ರಲ್ಲಿ ಶುರು ಮಾಡಿದ ನಾಟಕ ಸಂಘ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರ ಮನೆಯವರೇ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರು ಸುತ್ತುವ ತಿರುಗಾಟ 1985ರಲ್ಲಿ. ನಾನು ಹೈಸ್ಕೂಲಲ್ಲಿದ್ದಾಗ ನೋಡಿದ್ದು ಅದೇ ತಿರುಗಾಟದ ಒಂದು ನಾಟಕ. ಆ ಫಾರಂ ತರಿಸಿದ್ದಕ್ಕೆ ಅದೇ ಕಾರಣ.

ತಂಗಿ ಭಾನುವಾರ ಫೋನ್ ಮಾಡುತ್ತಿದ್ದಳು. ಮೊದಲ ತಿಂಗಳು ಬರೀ ದೂರು. "ಆಕ್ಟಿಂಗ್ ಕಲಿಸ್ತಾರೆ ಅಂತ ಬಂದೆ ಅಣ್ಣಾ, ಮೊದ್ಲು ನಿಲ್ಲೋದು ಕಲಿಸ್ತಾ ಇದಾರೆ. ನಾ ನಿಂತ್ರೆ ಒಂದು ಕಾಲ ಮೇಲೆ ಭಾರ ಹಾಕ್ತೇನಂತೆ. ಇಪ್ಪತ್ತೊಂದು ವರ್ಷ ಹಾಗೇ ನಿಂತಿದೀನಿ, ಯಾರೂ ಹೇಳ್ಲೇ ಇಲ್ಲ!" ಬೆಳಿಗ್ಗೆ ಬೇಗ ಎದ್ದು ಮೈ ಬಗ್ಗಿಸುವುದು, ದನಿಯ ಅಭ್ಯಾಸ, ನಡಿಗೆ. ಅದರ ಜೊತೆ ಸೆಟ್ಟಿಗೆ ಮೊಳೆ ಹೊಡೆಯುವುದು, ಲೈಟು ಕಟ್ಟುವುದು, ಮುಖಕ್ಕೆ ಬಣ್ಣ ಹಚ್ಚುವುದು, ಕಸ ಗುಡಿಸುವುದು. ನಟನೆ ಅಂದರೆ ಅಳುವುದು ನಗುವುದು ಅಂದುಕೊಂಡಿದ್ದ ನನಗೆ ಇದೆಲ್ಲ ಹೊಸತು.

ಆಮೇಲೆ ಪಾಠದ ಮಾತು ಬರತೊಡಗಿತು. ಭರತಮುನಿ ಅಭಿನಯವನ್ನು ನಾಲ್ಕು ಮಾಡಿದ್ದಾನೆ: ಮೈಯಿಂದ ಆಗುವ ಆಂಗಿಕ, ಮಾತಿನ ವಾಚಿಕ, ವೇಷಭೂಷಣದ ಆಹಾರ್ಯ, ಮನಸ್ಸಿನಿಂದ ಹೊಮ್ಮುವ ಸಾತ್ವಿಕ. "ಅಪ್ಪನ ಹತ್ರ ವಾಚಿಕ ಮಾತ್ರ ಇದೆ, ಆದ್ರೆ ಅದು ನಮ್ಮ ಕ್ಲಾಸಲ್ಲಿ ಯಾರ ಹತ್ರಾನೂ ಇಲ್ಲ" ಅಂದಿದ್ದಳು ಒಂದು ಸಲ. ಇನ್ನೊಮ್ಮೆ ರಷ್ಯಾದ ಸ್ತಾನಿಸ್ಲಾವ್‌ಸ್ಕಿಯ ಬಗ್ಗೆ ಹೇಳಿದಳು. ನೀನು ರಾಜ ಅಂತ ನಂಬಬೇಡ, ನಾನು ಈ ರಾಜನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿಕೋ ಅನ್ನುತ್ತಾನಂತೆ ಅವನು. ದಿನಾ ಕೋಡಿನಲ್ಲಿ ನೂರು ಸಲ 'ಇಫ್' ಬರೆಯುವ ನಾನು ಅವತ್ತು ರಾತ್ರಿ ಆ ಒಂದು 'ಇದ್ದಿದ್ದರೆ'ಯ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ನಾನು ಅಪ್ಪನ ಜಾಗದಲ್ಲಿ ಇದ್ದಿದ್ದರೆ? ಮಗ ಬಾಯಿಬಿಟ್ಟು ಕೇಳಿಯೇ ಇಲ್ಲ, ಆದರೂ ಊರ ತುಂಬಾ 'ಅಪ್ಪ ಬಿಡಲಿಲ್ಲ' ಅನ್ನುತ್ತಾ ತಿರುಗುತ್ತಿದ್ದಾನೆ.

ವರ್ಷದ ಕೊನೆಯ ನಾಟಕಕ್ಕೆ ಮನೆಯವರೆಲ್ಲ ಒಂದು ಜೀಪು ಮಾಡಿಕೊಂಡು ಹೋಗಿದ್ದೆವು. ಅವಳದು ದೊಡ್ಡ ಪಾತ್ರವೇನಲ್ಲ. ಚಿಕ್ಕಪ್ಪ ನಮ್ಮ ಜೊತೆ ಮುಂದೆ ಕೂರಲಿಲ್ಲ, ಹಟ ಮಾಡಿ ಹಿಂದಿನ ಸಾಲಿಗೆ ಹೋದ. ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾ ಓಡಿ ಬಂದವಳು ಅವನ ಮುಖ ನೋಡುತ್ತಾ ನಿಂತಳು, ಎರಡೂ ಕಾಲ ಮೇಲೆ ನೆಟ್ಟಗೆ. ಚಿಕ್ಕಪ್ಪ ಕವಳ ಉಗುಳಿ ಬಂದು ಹೇಳಿದ್ದು ಇಷ್ಟೇ: "ಕೊನೇ ಸಾಲಿನವರೆಗೂ ಕೇಳ್ತು. ಒಂದಕ್ಷರ ನುಂಗ್ಲಿಲ್ಲ."

ಇದಾಗಿ ಮೂರು ವರ್ಷ. ತಂಗಿ ಒಂದು ವರ್ಷ ತಂಡದ ಜೊತೆ ಊರೂರು ತಿರುಗಿದಳು. ಈಗ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತಾಳೆ, ಬೇಸಿಗೆ ಶಿಬಿರ ನಡೆಸುತ್ತಾಳೆ, ಕರೆ ಬಂದಾಗ ಪಾತ್ರ ಮಾಡುತ್ತಾಳೆ. ಕೆಲವು ತಿಂಗಳು ದುಡ್ಡು ಇರುತ್ತದೆ, ಕೆಲವು ತಿಂಗಳು "ಅಣ್ಣಾ, ಬಾಡಿಗೆಗೆ ಸ್ವಲ್ಪ ಕಡಿಮೆ ಬಿದ್ದಿದೆ" ಅಂತ ಮೆಸೇಜು ಬರುತ್ತದೆ. ಚಿಕ್ಕಪ್ಪ ಈಗಲೂ ಪೇಪರಿನಲ್ಲಿ ಬ್ಯಾಂಕ್ ನೌಕರಿಯ ಜಾಹೀರಾತು ಕಂಡರೆ ಕತ್ತರಿಸಿ ಇಡುತ್ತಾನೆ. ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಶೀಟಿನ ಆ ಕಾಲಂ ಇನ್ನೂ ಖಾಲಿಯೇ ಇದೆ.

ಕಳೆದ ದೀಪಾವಳಿಗೆ ಹೋದಾಗ ಆ ಹಳೇ ಫಾರಂ ತೆಗೆದು ಅಪ್ಪನಿಗೆ ತೋರಿಸಿದೆ. ನಡೆದದ್ದೆಲ್ಲ ಹೇಳಿದೆ, ಸುಳ್ಳು ಹೇಳಿಕೊಂಡು ಬಂದದ್ದನ್ನೂ ಸೇರಿಸಿ. ಅಪ್ಪ ಕನ್ನಡಕ ಹಾಕಿಕೊಂಡು, ಪಾಲಕರ ಸಹಿಯ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ.

"ಆಗ ಕೇಳಿದ್ರೆ ಬೇಡ ಅಂತಿದ್ನೇನೋ" ಅಂದ. ಫಾರಂ ಮಡಚಿ ವಾಪಸ್ ಕೊಡುತ್ತಾ, "ಆದ್ರೂ ನೀ ಒಂದ್ಮಾತು ಕೇಳ್ಬೇಕಾಗಿತ್ತು" ಅಂದ.